ರಾಜಾ ದೀನ್ ದಯಾಳ್: ನಿಜಾಮರ ಛಾಯಾಗ್ರಾಹಕ

ನಾರಾಯಣಪೇಟೆ, ಮಕ್ತಲ್, ಗದ್ವಾಲ್‌ಗಳು ಹೈದರಾಬಾದ್ ಸಂಸ್ಥಾನಕ್ಕೆ ಸೇರಿದ್ದ ಕಾಲದಲ್ಲಿ ಭಾವಚಿತ್ರ ತೆಗೆಸಿಕೊಳ್ಳುವುದೆಂದರೆ ಒಂದು ಯಾತ್ರೆಯೇ ಆಗಿತ್ತು. ರಾಜಧಾನಿಯ ಹೆಸರಾಂತ ಚಿತ್ರಶಾಲೆಗೆ ಹೋಗಬೇಕಾದವರು ಎತ್ತಿನ ಗಾಡಿಯಲ್ಲಿ ರೈಲು ಹಾದಿಯವರೆಗೆ ಬರಬೇಕು: ನಾರಾಯಣಪೇಟೆಯವರು ನಾರಾಯಣಪೇಟೆ ರೋಡ್ ಎಂದು ಹೆಸರಾಗಿದ್ದ ಸೈದಾಪುರಕ್ಕೆ, ಮಕ್ತಲ್‌ನವರು ಕೃಷ್ಣಾ ನಿಲ್ದಾಣಕ್ಕೆ, ಗದ್ವಾಲ್‌ನವರು ರಾಯಚೂರಿಗೆ. ಅಲ್ಲಿಂದ ವಾಡಿಗೆ ಹೋಗಿ ಗಾಡಿ ಬದಲಿಸಿದರೆ ಸಿಕಂದರಾಬಾದ್. ಅಲ್ಲಿ 1886ರ ಸುಮಾರಿಗೆ ಚಿತ್ರಶಾಲೆ ತೆರೆದವರು ಲಾಲಾ ದೀನ್ ದಯಾಳ್.

ಅವರು ದಕ್ಷಿಣದವರಲ್ಲ. ಮೀರತ್ ಬಳಿಯ ಸರ್ಧಾನಾದಲ್ಲಿ 1844ರಲ್ಲಿ ಜೈನ ಮನೆತನವೊಂದರಲ್ಲಿ ಜನಿಸಿದರು. ರೂರ್ಕಿಯ ಥಾಮಸನ್ ಕಾಲೇಜಿನಲ್ಲಿ ಎಂಜಿನಿಯರಿಂಗ್ ಕಲಿತು, 1866ರಲ್ಲಿ ಇಂದೋರಿನ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಮತ್ತು ಅಂದಾಜು ಪಟ್ಟಿ ತಯಾರಿಸುವ ಕೆಲಸಕ್ಕೆ ಸೇರಿದರು. ಛಾಯಾಗ್ರಹಣ ಅವರಿಗೆ ಮೊದಲು ಹವ್ಯಾಸವಾಗಿತ್ತು. ಇಂದೋರಿನ ತುಕೋಜಿರಾವ್ ಹೋಳ್ಕರರ ಮತ್ತು ಆಂಗ್ಲ ಅಧಿಕಾರಿಗಳ ಪ್ರೋತ್ಸಾಹದಿಂದ ವೃತ್ತಿಯಾಯಿತು. ಮಧ್ಯಭಾರತದ ಸ್ಮಾರಕಗಳನ್ನು ಕುರಿತ ಲೆಪೆಲ್ ಗ್ರಿಫಿನ್ನರ ಗ್ರಂಥಕ್ಕೆ ಚಿತ್ರಗಳನ್ನು ಒದಗಿಸಿದವರು ಅವರೇ. ಕಟ್ಟಡದ ಅಳತೆಯನ್ನು ಕಣ್ಣಿನಲ್ಲೇ ಹಿಡಿಯಬಲ್ಲ ಎಂಜಿನಿಯರನ ಶಿಸ್ತು ಆ ಚಿತ್ರಗಳಲ್ಲಿ ಎದ್ದು ಕಾಣುತ್ತದೆ.

ಆರನೆಯ ನಿಜಾಮ ಮಹಬೂಬ್ ಅಲಿ ಖಾನರು ಅವರನ್ನು ಆಸ್ಥಾನ ಛಾಯಾಗ್ರಾಹಕರನ್ನಾಗಿ ನೇಮಿಸಿದರು; ಮುಂದೆ ರಾಜಾ ಬಹಾದುರ್ ಮುಸವ್ವಿರ್ ಜಂಗ್ ಎಂಬ ಬಿರುದನ್ನಿತ್ತರು. ಪಾಲಮೂರಿಗೆ ಮಹಬೂಬ್‌ನಗರವೆಂಬ ಹೆಸರು ಬಂದದ್ದು ಇದೇ ನಿಜಾಮರಿಂದ. ವಿಕ್ಟೋರಿಯಾ ರಾಣಿಯ ಮನ್ನಣೆಯೂ ದೀನ್ ದಯಾಳರಿಗೆ ದೊರೆಯಿತು. 1896ರಲ್ಲಿ ಮುಂಬಯಿಯಲ್ಲಿ ಶಾಖೆಯೊಂದು ಆರಂಭವಾಯಿತು.

ಆದರೆ ಅವರ ಕೆಲಸಗಳಲ್ಲಿ ಹೆಚ್ಚು ದಿಟ್ಟವಾದದ್ದು 1892ರಲ್ಲಿ ಹೈದರಾಬಾದಿನಲ್ಲಿ ತೆರೆದ ಜನಾನಾ ಚಿತ್ರಶಾಲೆ. ಪರದೆಯೊಳಗಿನ ಹೆಣ್ಣುಮಕ್ಕಳು ಪರಪುರುಷನ ಮುಂದೆ ಕುಳಿತುಕೊಳ್ಳುವಂತಿರಲಿಲ್ಲ. ತಾಯಿಯ ಮುಖವನ್ನು ಚಿತ್ರದಲ್ಲಿ ಉಳಿಸಿಕೊಳ್ಳಬೇಕೆಂಬ ಆಸೆ ಮನೆಯವರಿಗಿದ್ದರೂ ದಾರಿಯಿರಲಿಲ್ಲ. ದೀನ್ ದಯಾಳರು ಎತ್ತರದ ಗೋಡೆಗಳ ನಡುವೆ ಪ್ರತ್ಯೇಕ ಶಾಲೆಯನ್ನು ಏರ್ಪಡಿಸಿ, ಅದರ ಹೊಣೆಯನ್ನು ಶ್ರೀಮತಿ ಕೆನ್ನಿ ಲೆವಿಕ್ ಎಂಬ ಆಂಗ್ಲ ಮಹಿಳೆಗೆ ವಹಿಸಿದರು. ಒಳಗೆ ಕೆಲಸ ಮಾಡುವವರೆಲ್ಲ ಸ್ತ್ರೀಯರೇ. ವ್ಯಾಪಾರದ ಜಾಣತನ ಇದರಲ್ಲಿ ಇರಲಿಲ್ಲವೆನ್ನಲಾಗದು. ಆದರೂ ಹೆಂಗಸರ ಸಂಕೋಚವನ್ನು ಹೀಯಾಳಿಸದೆ, ಅದಕ್ಕೆ ತಕ್ಕಂತೆ ತನ್ನ ಶಾಲೆಯನ್ನೇ ಬದಲಿಸಿಕೊಂಡ ವಿವೇಕ ಅಲ್ಲಿದೆ.

ಆ ಕಾಲದ ಸಾಧಾರಣ ಗಾಜಿನ ಫಲಕಗಳು ಕೆಂಪು ಬಣ್ಣವನ್ನು ಗ್ರಹಿಸುತ್ತಿರಲಿಲ್ಲ. ನಾರಾಯಣಪೇಟೆಯ ಕೆಂಪು ಸೀರೆಯುಟ್ಟು ಕುಳಿತವಳು ಚಿತ್ರದಲ್ಲಿ ಕಪ್ಪು ಸೀರೆಯವಳಾಗುತ್ತಿದ್ದಳು. ನೀಲಿ ಸೀರೆಯಾದರೆ ಬಿಳುಪಿಗೆ ತಿರುಗುತ್ತಿತ್ತು. ಕೆಲವು ಕ್ಷಣ ಅಲುಗಾಡದೆ ಇರಬೇಕಾದ್ದರಿಂದ ನಗುವೂ ಅಪರೂಪ. ಹಳೆಯ ಮನೆಗಳ ಗೋಡೆಯ ಮೇಲಿನ ಹಿರಿಯರು ಅಷ್ಟು ಗಂಭೀರರಾಗಿ ಕಾಣುವುದು ಸ್ವಭಾವದಿಂದಲೇ ಅಲ್ಲ.

ಛಾಯಾಗ್ರಾಹಕನನ್ನು ಅರಸಿ ಹೋಗಲಾರದವರ ಬಳಿಗೆ ಅವನೇ ಬಂದದ್ದೂ ಉಂಟು. 1899-1900ರ ಬರಗಾಲದಲ್ಲಿ ಸಂಸ್ಥಾನದ ಪರಿಹಾರ ಕಾರ್ಯವನ್ನು ದೀನ್ ದಯಾಳರ ಸಂಸ್ಥೆ ಚಿತ್ರೀಕರಿಸಿತು. ಔರಂಗಾಬಾದಿನ ಕಡೆಯ ಆ ಚಿತ್ರಗಳಲ್ಲಿ ಎಲುಬು ಎದ್ದ ಮೈಗಳು ಸಾಲಾಗಿ ಕುಳಿತಿವೆ. ಸರ್ಕಾರದ ಔದಾರ್ಯವನ್ನು ತೋರಿಸಲೆಂದು ತೆಗೆದ ಚಿತ್ರಗಳು ಅವು. ನೋಡುವವರಿಗೆ ಮೊದಲು ಕಾಣುವುದು ಹಸಿವು. ನವಾಬರು ತಮ್ಮ ಭಂಗಿಯನ್ನು ತಾವೇ ಆರಿಸಿಕೊಂಡರು. ಇವರಿಗೆ ಆ ಆಯ್ಕೆ ಇರಲಿಲ್ಲ, ಇವರ ಹೆಸರುಗಳೂ ಉಳಿದಿಲ್ಲ.

1904ರಲ್ಲಿ ಮಗ ಧರಮ್ ಚಂದ್ ತೀರಿಕೊಂಡರು. ಮರುವರ್ಷ, 1905ರ ಜುಲೈ 5ರಂದು, ದೀನ್ ದಯಾಳರೂ ನಿಧನರಾದರು. ಇನ್ನೊಬ್ಬ ಮಗ ಗ್ಯಾನ್ ಚಂದ್ ವೃತ್ತಿಯನ್ನು ಮುಂದುವರಿಸಿದರು. 1956ರಲ್ಲಿ ಸಂಸ್ಥಾನದ ನೆಲ ಹಂಚಿಹೋಗಿ, ಗದ್ವಾಲ್ ರಾಯಚೂರು ಜಿಲ್ಲೆಯಿಂದ ಬೇರೆಯಾಯಿತು. ಸಿಕಂದರಾಬಾದಿನ ಗಾಜಿನ ಫಲಕಗಳಲ್ಲಿ 2,857 ಫಲಕಗಳನ್ನು 1989ರಲ್ಲಿ ದೆಹಲಿಯ ಇಂದಿರಾ ಗಾಂಧಿ ರಾಷ್ಟ್ರೀಯ ಕಲಾ ಕೇಂದ್ರ ಕೊಂಡುಕೊಂಡಿತು; ಅವು ಇಂದಿಗೂ ಅಲ್ಲಿವೆ.