ಕಾಲಿನ್ ಚಾಪ್‌ಮನ್

ಆಂಥೊನಿ ಕಾಲಿನ್ ಬ್ರೂಸ್ ಚಾಪ್‌ಮನ್ (19 ಮೇ 1928 – 16 ಡಿಸೆಂಬರ್ 1982) ಇಂಗ್ಲೆಂಡಿನ ಮೋಟಾರು ವಾಹನ ವಿನ್ಯಾಸಕಾರರು ಹಾಗೂ ಲೋಟಸ್ ಕಾರು ಸಂಸ್ಥೆಯ ಸ್ಥಾಪಕರು. ಎಂಜಿನ್ನಿನ ಬಲವನ್ನಷ್ಟೇ ನೆಚ್ಚದೆ, ಕಾರಿನ ತೂಕವನ್ನು ತಗ್ಗಿಸಿ, ಸಸ್ಪೆನ್ಷನ್ ವ್ಯವಸ್ಥೆಯನ್ನು ಸುಧಾರಿಸಿ, ತಿರುವುಗಳಲ್ಲಿ ರಸ್ತೆಯ ಹಿಡಿತವನ್ನು ಹೆಚ್ಚಿಸುವುದು ಇವರ ವಿನ್ಯಾಸಗಳ ಮೂಲತತ್ತ್ವವಾಗಿತ್ತು.

ಆರಂಭಿಕ ಜೀವನ

ಚಾಪ್‌ಮನ್ನರು ಸರ್ರೆ ಪ್ರಾಂತ್ಯದ ರಿಚ್ಮಂಡ್‌ನಲ್ಲಿ ಜನಿಸಿದರು. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಕಟ್ಟಡ ರಚನೆಗೆ ಸಂಬಂಧಿಸಿದ ಎಂಜಿನಿಯರಿಂಗ್ ವ್ಯಾಸಂಗ ಮಾಡಿದರು. ವಿದ್ಯಾರ್ಥಿಯಾಗಿದ್ದಾಗಲೇ ಹಳೆಯ ಆಸ್ಟಿನ್ ಸೆವೆನ್ ಕಾರೊಂದನ್ನು ಕೊಂಡು, 1948ರಲ್ಲಿ ಅದನ್ನು ಸ್ಪರ್ಧೆಗೆ ಯೋಗ್ಯವಾಗುವಂತೆ ಮಾರ್ಪಡಿಸಿದರು. ಇದೇ ಮೊದಲ ಲೋಟಸ್ ಕಾರು. ಆಸ್ಟಿನ್ ಆಧಾರಿತವಾದ ತಮ್ಮ ಆರಂಭದ ಕಾರುಗಳಲ್ಲಿ ಅವರು ಮುಂಭಾಗದ ಅಖಂಡ ಆಕ್ಸಲನ್ನು ನಡುವೆ ಕತ್ತರಿಸಿ, ಎರಡು ಚಕ್ರಗಳೂ ಸ್ವತಂತ್ರವಾಗಿ ಏರಿಳಿಯುವಂತೆ ಮಾಡಿದರು. 1952ರಲ್ಲಿ, ಮುಂದೆ ತಮ್ಮ ಪತ್ನಿಯಾದ ಹೇಜಲ್ ವಿಲಿಯಮ್ಸ್ ನೀಡಿದ ಸಾಲದ ನೆರವಿನಿಂದ ಲೋಟಸ್ ಸಂಸ್ಥೆಯನ್ನು ಸ್ಥಾಪಿಸಿದರು. ತಂದೆ ನಡೆಸುತ್ತಿದ್ದ ಹೋಟೆಲಿನ ಹಿಂದಿನ ಕುದುರೆಲಾಯವೇ ಅದರ ಮೊದಲ ಕಾರ್ಯಾಗಾರ.

ಲೋಟಸ್ ಕಾರ್ಟಿನಾ

ಫೋರ್ಡ್ ಸಂಸ್ಥೆಯ ಕಾರ್ಟಿನಾ, ಕುಟುಂಬಗಳ ದಿನಬಳಕೆಗೆಂದು ತಯಾರಾದ ಸಾಮಾನ್ಯ ಸೆಡಾನ್. 1963ರಲ್ಲಿ ಚಾಪ್‌ಮನ್ನರು ಅದಕ್ಕೆ 1558 ಸಿ.ಸಿ. ಎಂಜಿನ್ ಅಳವಡಿಸಿ, ಬಾಗಿಲು ಮತ್ತು ಬಾನೆಟ್‌ಗಳನ್ನು ಹಗುರವಾದ ಮಿಶ್ರಲೋಹದಲ್ಲಿ ಮಾಡಿಸಿದರು. ಮೂಲ ಕಾರಿನ ಹಿಂಭಾಗದಲ್ಲಿ ಲೀಫ್ ಸ್ಪ್ರಿಂಗ್‌ಗಳೇ ಭಾರವನ್ನೂ ಹೊತ್ತು, ಆಕ್ಸಲನ್ನೂ ಅದರ ಸ್ಥಾನದಲ್ಲಿ ಹಿಡಿಯಬೇಕಾಗಿತ್ತು. ವೇಗವಾಗಿ ತಿರುಗುವಾಗ ಆಕ್ಸಲ್ ಕದಲುತ್ತಿತ್ತು. ಚಾಪ್‌ಮನ್ನರು ಈ ಎರಡು ಕೆಲಸಗಳನ್ನು ಬೇರ್ಪಡಿಸಿದರು. ಭಾರ ಹೊರಲು ಕಾಯಿಲ್ ಸ್ಪ್ರಿಂಗ್‌ಗಳನ್ನೂ, ಆಕ್ಸಲನ್ನು ಹಿಡಿದಿಡಲು ಉದ್ದನೆಯ ತೋಳುಗಳು ಮತ್ತು ‘ಎ’ ಆಕಾರದ ಚೌಕಟ್ಟನ್ನೂ ಜೋಡಿಸಿದರು. ಕಾರಿನ ಎತ್ತರವನ್ನು ತಗ್ಗಿಸಿದರು. ಈ ಕಾರಿನಲ್ಲಿ ಜಿಮ್ ಕ್ಲಾರ್ಕ್ 1964ರ ಬ್ರಿಟಿಷ್ ಸಲೂನ್ ಕಾರು ಚಾಂಪಿಯನ್‌ಷಿಪ್ ಗೆದ್ದರು.

ಆದರೆ ಈ ವ್ಯವಸ್ಥೆ ದಿನಬಳಕೆಯಲ್ಲಿ ಬಾಳಿಕೆ ಬರಲಿಲ್ಲ. ‘ಎ’ ಚೌಕಟ್ಟಿನ ಒತ್ತಡದಿಂದ ಡಿಫರೆನ್ಷಿಯಲ್ ಕವಚ ಸಡಿಲಗೊಂಡು ಎಣ್ಣೆ ಸೋರುತ್ತಿತ್ತು. ಆ ಎಣ್ಣೆ ತಗುಲಿ ರಬ್ಬರ್ ಬುಷ್‌ಗಳು ಕೆಡುತ್ತಿದ್ದವು. 1965ರಲ್ಲಿ ಲೀಫ್ ಸ್ಪ್ರಿಂಗ್‌ಗಳನ್ನೇ ಮರಳಿ ಅಳವಡಿಸಲಾಯಿತು.

ಫಾರ್ಮುಲಾ ಒನ್

1962ರ ಲೋಟಸ್ 25 ಕಾರಿನಲ್ಲಿ ಚಾಪ್‌ಮನ್ನರು ಕೊಳವೆಗಳ ಚೌಕಟ್ಟಿನ ಬದಲು, ತೊಟ್ಟಿಯಂತಹ ಏಕಕವಚ ರಚನೆಯನ್ನು ಬಳಸಿದರು. ಚೌಕಟ್ಟು ಬಿಗಿಯಾದುದರಿಂದ ಮೃದುವಾದ ಸ್ಪ್ರಿಂಗ್‌ಗಳನ್ನು ಬಳಸಿ, ಟೈರುಗಳು ನೆಲವನ್ನು ಬಿಡದಂತೆ ನೋಡಿಕೊಳ್ಳಲು ಸಾಧ್ಯವಾಯಿತು. ಅವರ ಜೀವಿತಾವಧಿಯಲ್ಲಿ ಲೋಟಸ್ ತಂಡವು ಏಳು ಬಾರಿ ತಯಾರಕರ ವಿಶ್ವ ಪ್ರಶಸ್ತಿಯನ್ನು ಪಡೆಯಿತು.

ಟೀಕೆ

ತೂಕ ತಗ್ಗಿಸುವ ಭರದಲ್ಲಿ ಭಾಗಗಳ ದೃಢತೆಗೆ ಧಕ್ಕೆಯಾಯಿತೆಂಬ ಟೀಕೆಯನ್ನು ಚಾಪ್‌ಮನ್ನರು ಜೀವನವಿಡೀ ಎದುರಿಸಿದರು. 1970ರಲ್ಲಿ ಮೊನ್ಜಾದಲ್ಲಿ ಲೋಟಸ್ 72 ಕಾರು ಚಲಾಯಿಸುತ್ತಿದ್ದ ಯೋಖನ್ ರಿಂಟ್ ಅಪಘಾತದಲ್ಲಿ ಮಡಿದ ನಂತರ ಈ ಟೀಕೆ ತೀವ್ರವಾಯಿತು. ರಿಂಟ್‌ಗೆ ಆ ವರ್ಷದ ವಿಶ್ವ ಪ್ರಶಸ್ತಿ ಮರಣೋತ್ತರವಾಗಿ ಸಂದಿತು.

ನಿಧನ ಮತ್ತು ಪ್ರಭಾವ

ಚಾಪ್‌ಮನ್ನರು ತಮ್ಮ 54ನೆಯ ವಯಸ್ಸಿನಲ್ಲಿ ಹೃದಯಾಘಾತದಿಂದ ನಿಧನರಾದರು. ಅವರ ಕಾಲದಲ್ಲಿ ಲೋಟಸ್ ಆರಂಭಿಸಿದ್ದ, ಕಂಪ್ಯೂಟರ್ ನಿಯಂತ್ರಿತ ಸಸ್ಪೆನ್ಷನ್ನಿನ ಪ್ರಯೋಗ ಮುಂದುವರಿಯಿತು. 1987ರಲ್ಲಿ ಈ ವ್ಯವಸ್ಥೆಯುಳ್ಳ ಲೋಟಸ್ 99ಟಿ ಕಾರಿನಲ್ಲಿ ಐರ್ಟನ್ ಸೆನ್ನಾ ಮೊನಾಕೊ ಮತ್ತು ಡೆಟ್ರಾಯಿಟ್ ಸ್ಪರ್ಧೆಗಳನ್ನು ಗೆದ್ದರು.