ಬಲಿಪೂಜೆಗೆ ಮೊದಲ ಸ್ಥಾನ ಕೊಟ್ಟ ಸಂತ ಜೋಸೆಫ್ ವಾಜ್

ಮಂಗಳೂರು ಸಮೀಪದ ಮುಡಿಪು ಗುಡ್ಡಕ್ಕೆ ಯಾತ್ರೆ ಹೋಗಿ ಬಂದವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಅಲ್ಲಿ ನಮ್ಮ ಬೇಡಿಕೆಗಳನ್ನು ಸಂತ ಜೋಸೆಫ್ ವಾಜ್ ಅವರ ಮುಂದೆ ಇಡುತ್ತೇವೆ. ಆದರೆ ಅವರ ಜೀವನ ನಮ್ಮ ಮುಂದೆ ಇಡುವ ಪ್ರಶ್ನೆಗೆ ಕಿವಿಗೊಡುವುದು ಕಡಿಮೆ. ನಮ್ಮ ದಿನಚರಿಯಲ್ಲಿ ದೇವರ ಆರಾಧನೆಗೆ ಎಷ್ಟನೆಯ ಸ್ಥಾನ?

1651ರ ಏಪ್ರಿಲ್ 21ರಂದು ಗೋವಾದ ಬಾಣಾವಲಿಯಲ್ಲಿ ಜನಿಸಿದ ಜೋಸೆಫ್ ವಾಜ್ 1676ರಲ್ಲಿ ಗುರುದೀಕ್ಷೆ ಪಡೆದರು. 1681ರಲ್ಲಿ ಅವರನ್ನು ನಮ್ಮ ಕೆನರಾ ಪ್ರಾಂತ್ಯಕ್ಕೆ ಕಳುಹಿಸಲಾಯಿತು. ಗುರುಗಳ ಕೊರತೆಯಿಂದಲೂ ಧರ್ಮಸಭೆಯ ಅಧಿಕಾರಿಗಳ ನಡುವಣ ಜಗಳದಿಂದಲೂ ಇಲ್ಲಿನ ವಿಶ್ವಾಸಿಗಳು ಆಗ ಚದುರಿಹೋಗಿದ್ದರು. 1684ರವರೆಗೆ ಅವರು ಈ ಜನರ ನಡುವೆ ದುಡಿದು ಗೋವಾಕ್ಕೆ ಮರಳಿದರು.

ಅವರ ಮನಸ್ಸು ಮಾತ್ರ ಶ್ರೀಲಂಕಾದ ಕಡೆಗಿತ್ತು. 1658ರಲ್ಲಿ ಜಾಫ್ನಾವನ್ನು ವಶಪಡಿಸಿಕೊಂಡ ಡಚ್ಚರು ಕಥೋಲಿಕ ಗುರುಗಳನ್ನು ಹೊರಗಟ್ಟಿ, ಬಲಿಪೂಜೆಯನ್ನು ನಿಷೇಧಿಸಿದ್ದರು. 1687ರಲ್ಲಿ ಫಾದರ್ ವಾಜ್ ಕೂಲಿಯಾಳಿನ ವೇಷದಲ್ಲಿ, ಜಾನ್ ಎಂಬ ನಂಬಿಗಸ್ತ ಸೇವಕನೊಡನೆ ಅಲ್ಲಿಗೆ ತಲುಪಿದರು. ಕೊರಳಲ್ಲಿ ಜಪಸರ ಧರಿಸಿ ಮನೆ ಮನೆಗೆ ಭಿಕ್ಷೆಗೆ ಹೋದರು. ಅದನ್ನು ಗುರುತಿಸಿದವರಿಂದ ವಿಶ್ವಾಸಿಗಳ ಜಾಡು ಸಿಕ್ಕಿತು. ಗುರುಗಳಿಲ್ಲದ ಸುಮಾರು ಮೂವತ್ತು ವರ್ಷಗಳಲ್ಲೂ ಆ ಮನೆಗಳಲ್ಲಿ ಪ್ರಾರ್ಥನೆ ನಿಂತಿರಲಿಲ್ಲ!

ಮುಂದೆ ರಾತ್ರಿ ವೇಳೆ ಗುಟ್ಟಾಗಿ ಬಲಿಪೂಜೆ ನಡೆಯತೊಡಗಿತು. ಸಿಕ್ಕಿಬಿದ್ದರೆ ಆಸ್ತಿ ಹೋಗಬಹುದು, ಸೆರೆವಾಸ ಬರಬಹುದು ಎಂದು ತಿಳಿದೇ ಜನ ಬಂದರು. 1689ರ ಕ್ರಿಸ್ಮಸ್ ರಾತ್ರಿ ಡಚ್ಚರು ದಾಳಿ ಮಾಡಿ ಅನೇಕರನ್ನು ಬಂಧಿಸಿದರು, ಗುರುಗಳು ತಪ್ಪಿಸಿಕೊಂಡರು. 1692ರಲ್ಲಿ ಕ್ಯಾಂಡಿಗೆ ಹೋದಾಗ ಪೋರ್ಚುಗೀಸರ ಗೂಢಚಾರ ಎಂಬ ಸುಳ್ಳು ಆರೋಪದ ಮೇಲೆ ಸೆರೆಮನೆ ಸೇರಿದರು. ಅಲ್ಲೂ ಗುಡಿಸಲಿನಂಥ ಒಂದು ಪ್ರಾರ್ಥನಾಲಯ ಕಟ್ಟಿ, ಕ್ರಿಸ್ಮಸ್ ಬಲಿಪೂಜೆ ಅರ್ಪಿಸಿದರು.

ಆರಾಧನೆ ಅವರನ್ನು ಜನರಿಂದ ದೂರ ಮಾಡಲಿಲ್ಲ. 1697ರಲ್ಲಿ ಸಿಡುಬು ಹರಡಿ ಜನ ಕ್ಯಾಂಡಿ ಬಿಟ್ಟು ಓಡಿದಾಗ, ಜಾತಿ ಮತ ನೋಡದೆ ರೋಗಿಗಳ ಆರೈಕೆ ಮಾಡಿದರು. ಸತ್ತವರನ್ನು ಮಣ್ಣು ಮಾಡಿದರು. ಪೀಠದ ಬಳಿ ಪಡೆದುದನ್ನೇ ಅವರು ರೋಗಿಯ ಹಾಸಿಗೆಯ ಬಳಿಗೆ ಒಯ್ದರು. 1711ರ ಜನವರಿ 16ರಂದು ಕ್ಯಾಂಡಿಯಲ್ಲೇ ನಿಧನರಾದರು. 1995ರಲ್ಲಿ ಪೋಪ್ ಎರಡನೇ ಜಾನ್ ಪೌಲ್ ಅವರನ್ನು ಪುನೀತರೆಂದು, 2015ರ ಜನವರಿ 14ರಂದು ಪೋಪ್ ಫ್ರಾನ್ಸಿಸ್ ಸಂತರೆಂದು ಕೊಲಂಬೊದಲ್ಲಿ ಘೋಷಿಸಿದರು.

ಇಂದು ಇಗರ್ಜಿಯ ಬಾಗಿಲು ನಮಗೆ ತೆರೆದಿದೆ, ಗಂಟೆ ಕೇಳಿಸುತ್ತದೆ. ಆದರೂ ಮದುವೆ, ಮುಂಜಿ, ಆಟೋಟ, ಟಿ.ವಿ. ಮುಗಿದು ಉಳಿದ ಸಮಯವಷ್ಟೇ ದೇವರಿಗೆ. ಹಬ್ಬದ ದಿನ ಊಟ, ಧ್ವನಿವರ್ಧಕ, ಲೆಕ್ಕಪತ್ರ ಎಂದು ಓಡಾಡುತ್ತಾ ಬಲಿಪೂಜೆಯನ್ನೇ ಮರೆಯುವವರಲ್ಲಿ ನಾವು ಧರ್ಮಕೇಂದ್ರದ ಸೇವಕರೂ ಇದ್ದೇವೆ. ಬಂಧುಗಳೇ, ವಾರದ ಕೆಲಸಗಳನ್ನು ಗೊತ್ತುಮಾಡುವ ಮುನ್ನ ಭಾನುವಾರದ ಬಲಿಪೂಜೆಯ ಗಂಟೆಯನ್ನು ಮೊದಲು ತೆಗೆದಿಡೋಣ. ಸಂಜೆ ಮನೆಮಂದಿಯೆಲ್ಲ ಕೂತು ಜಪಸರ ಹೇಳೋಣ. ಸೆರೆಮನೆಯಲ್ಲೂ ಬಲಿಪೂಜೆ ತಪ್ಪಬಾರದೆಂದ ಆ ಸಂತರು ನಮಗಾಗಿ ಪ್ರಾರ್ಥಿಸಲಿ.