ಅಂಗಳಕ್ಕೆ ಬಂದ ಶಾಲೆ

ಸಾಕುವುದು, ಸಲಹುವುದು, ಬೆಳೆಸುವುದು. ಮಗುವಿನ ಆರೈಕೆಗೆ ಕನ್ನಡದಲ್ಲಿ ಎಷ್ಟೊಂದು ಪದಗಳು! ಮಗಳನ್ನು ಪಾಳಣಾಘರದಲ್ಲಿ (ಪುಣೆಯಲ್ಲಿ ಶಿಶುವಿಹಾರಕ್ಕೆ ಹೀಗೆನ್ನುತ್ತಾರೆ) ಬಿಟ್ಟು ಆಫೀಸಿಗೆ ಓಡುವಾಗ, ಇವುಗಳಲ್ಲಿ ನಾನು ಮಾಡುತ್ತಿರುವುದು ಯಾವುದು ಎಂಬ ಅಳುಕು ನನಗೆ. ಆಗ ನೆನಪಾಗುವವರು ತಾರಾಬಾಯಿ ಮೋಡಕ್.

1892ರಲ್ಲಿ ಮುಂಬೈಯಲ್ಲಿ ಹುಟ್ಟಿದ ತಾರಾಬಾಯಿ 1914ರಲ್ಲೇ ಪದವೀಧರೆ. ದಾಂಪತ್ಯ ಮುರಿದಾಗ ಕೈಯಲ್ಲಿ ಪುಟ್ಟ ಮಗಳು. ರಾಜಕೋಟದ ಮಹಿಳಾ ತರಬೇತಿ ಕಾಲೇಜಿನ ಪ್ರಾಂಶುಪಾಲರಾಗಿ ದುಡಿದರು. ಮುಂದೆ ಭಾವನಗರದಲ್ಲಿ ಗಿಜುಭಾಯಿ ಬಧೇಕಾ ಅವರೊಡನೆ ಮಾಂಟೆಸ್ಸರಿ ಪದ್ಧತಿಯನ್ನು ನಮ್ಮ ಮಕ್ಕಳಿಗೆ ಒಗ್ಗಿಸಿದರು.

1945ರಲ್ಲಿ ಬೋರ್ಡಿ ಎಂಬ ಹಳ್ಳಿಗೆ ಬಂದು ಬಾಲವಾಡಿ ತೆರೆದರು. ಕಡುಬಡವರ ಮಕ್ಕಳು ಬರಲಿಲ್ಲ. ಹಾಗಾದರೆ ಶಾಲೆಯೇ ಹೋಗಲಿ ಎಂದು ಅವರ ಕೇರಿಗೆ, ಮನೆಯಂಗಳಕ್ಕೆ ನಡೆದರು. ಅಂಗಳದ ಆ ಬಾಲವಾಡಿಯೇ ಅಂಗನವಾಡಿ. ಅಲ್ಲಿ ಹಾಡು, ಆಟದಷ್ಟೇ ಮಕ್ಕಳ ಶುಚಿತ್ವವೂ ಪಾಠವಾಗಿತ್ತು. ದುಬಾರಿ ಆಟಿಕೆಗಳಿಲ್ಲ, ಊರಲ್ಲಿ ಸಿಕ್ಕಿದ್ದೇ ಸಾಮಗ್ರಿ. 1957ರಲ್ಲಿ ಶಿಷ್ಯೆ ಅನುತಾಯಿ ವಾಘ್ ಅವರೊಂದಿಗೆ ಕೋಸಬಾಡ್ ಗುಡ್ಡ ಸೇರಿದರು. ದನ ಮೇಯಿಸುವ ವಾರ್ಲಿ ಮಕ್ಕಳಿಗಾಗಿ ಹುಲ್ಲುಗಾವಲಿನಲ್ಲೇ ಶಾಲೆ ನಡೆಸಿದರು.

1973ರಲ್ಲಿ ತಾರಾಬಾಯಿ ತೀರಿಕೊಂಡರು. 1975ರಲ್ಲಿ ಕೇಂದ್ರ ಸರ್ಕಾರ ಶಿಶು ಅಭಿವೃದ್ಧಿ ಯೋಜನೆ ಆರಂಭಿಸಿದಾಗ ಅದರ ಕೇಂದ್ರಗಳಿಗೆ ಸಿಕ್ಕ ಹೆಸರು ಅಂಗನವಾಡಿ. ಇಂದು ನಮ್ಮ ಕರ್ನಾಟಕದ ಹಳ್ಳಿಹಳ್ಳಿಯಲ್ಲೂ ಅದು ಮನೆಮಾತು.

ನಿನ್ನೆ ಸಂಜೆ ನಾನು ಹೋದಾಗ ಪಾಳಣಾಘರದ ಮಾವಶಿ ನನ್ನ ಮಗಳ ತಲೆ ಬಾಚಿ ಜಡೆ ಹಾಕುತ್ತಿದ್ದರು. ಸಲಹುವುದು ಒಬ್ಬಳದೇ ಕೆಲಸವಲ್ಲ ಎಂದುಕೊಂಡೆ. ಅಳುಕು ಪೂರ್ತಿ ಹೋಗಿಲ್ಲ, ಆದರೆ ಹಗುರಾಗಿದೆ.